ಬೆಟ್ಟದ ನೆತ್ತಿಗೆ ಈಗ ಯಾರು ಕಾವಲು?



ನಮ್ಮ ತೋಟಗಳಲ್ಲಿರುವ ಕಾವೇರಿ ತಳಿಯ ಕಾಫಿ ಗಿಡಕ್ಕೂ ಒಂದು ವಂಶಾವಳಿ ಉಂಟು. ಅದರ ಹೆತ್ತ ಜೋಡಿಯಲ್ಲಿ ಒಂದಾದ ಕ್ಯಾಟುರ್ರಾ, ಬ್ರೆಜಿಲ್ ದೇಶದಲ್ಲಿ ಬೂರ್ಬನ್ ಎಂಬ ಅರೇಬಿಕಾ ತಳಿಯಿಂದ ತಾನಾಗಿ ಹುಟ್ಟಿದ ಗಿಡ್ಡ ಜಾತಿ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯ ಹಿಂದಿರುವ ವಿಲ್ಲಾ ಸಾರ್ಚಿಯೂ ಬೂರ್ಬನ್ನಿನ ಸಂತಾನವೇ. ಈ ಬೂರ್ಬನ್ ಎಂಬುದು ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರಿನ ಪೂರ್ವಕ್ಕಿರುವ ಒಂದು ಜ್ವಾಲಾಮುಖಿ ದ್ವೀಪದ ಹಳೆಯ ಹೆಸರು. ಈಗ ಅದನ್ನು ರಿಯೂನಿಯನ್ ಎನ್ನುತ್ತಾರೆ. ಫ್ರಾನ್ಸ್ ದೇಶಕ್ಕೆ ಸೇರಿದ ಒಂದು ಜಿಲ್ಲೆ ಅದು. ವಿಸ್ತಾರದಲ್ಲಿ ನಮ್ಮ ಕೊಡಗಿಗಿಂತಲೂ ಚಿಕ್ಕದು.

ನಮ್ಮ ಪೈಕಿ ಒಬ್ಬರ ಮಗಳು ಮಾರಿಷಸ್‌ನಲ್ಲಿ ಕೆಲಸದಲ್ಲಿರುವ ಕಾರಣ, ಕಳೆದ ಅಕ್ಟೋಬರಿನಲ್ಲಿ ಅಲ್ಲಿಗೆ ಹೋಗಿದ್ದ ನಾವು ನಾಲ್ವರು ಬೆಳೆಗಾರರು ಈ ದ್ವೀಪವನ್ನೂ ನೋಡಿ ಬರುವ ಅವಕಾಶ ಪಡೆದೆವು. ಪ್ರವಾಸ ಕಥನ ಬರೆದು ಸದಸ್ಯರ ಸಮಯ ಕಳೆಯುವುದು ನಮ್ಮ ಉದ್ದೇಶವಲ್ಲ. ಅಲ್ಲಿಯ ಒಂದು ಕಣಿವೆಯಲ್ಲಿ ನಿಂತಾಗ ನಮ್ಮ ಮನಸ್ಸಿಗೆ ಬಂದ ಒಂದು ಮಾತನ್ನು, ಕೆಲವರಿಗೆ ಅದು ಹಿಡಿಸದೆ ಹೋದರೂ, ಈ ಪುಟಗಳಲ್ಲಿ ಹೇಳಲೇಬೇಕೆಂದು ತೀರ್ಮಾನಿಸಿದ್ದೇವೆ.

ಕಣಿವೆಯ ಹೆಸರು ಸಲಾಜಿ. ದ್ವೀಪದ ನಡುವೆ 3,070 ಮೀಟರ್ ಎತ್ತರದ ಪಿತೋಂ ದೆ ನೇಜ್ ಎಂಬ ಶಿಖರವಿದೆ. ಅದೊಂದು ಹಳೆಯ ಜ್ವಾಲಾಮುಖಿ, ಈಗ ನಿದ್ರೆಯಲ್ಲಿದೆ. ಅದರ ಮೈ ಕುಸಿದು, ಮಳೆ ನೀರು ಕೊರೆದು, ಶಿಖರದ ಸುತ್ತ ಬೋಗುಣಿಯಂಥ ಮೂರು ಮಹಾ ಕಣಿವೆಗಳಾಗಿವೆ. ಅವುಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಪೂರ್ವದ ಗಾಳಿಗೆ ಎದೆಕೊಟ್ಟು ನಿಂತಿರುವ ಸಲಾಜಿಯಲ್ಲಿ. ಕರಾವಳಿಯ ಕಬ್ಬಿನ ಗದ್ದೆಗಳನ್ನು ದಾಟಿ, ಮಾ ನದಿಯ ಪಕ್ಕದ ಇಕ್ಕಟ್ಟಾದ ರಸ್ತೆಯಲ್ಲಿ ಏರುತ್ತಾ ಹೋದರೆ ಎರಡೂ ಕಡೆ ಗೋಡೆ ನಿಲ್ಲಿಸಿದಂಥ ಬೆಟ್ಟಗಳು. ಆ ಗೋಡೆಗಳ ಮೈತುಂಬ ಹಸಿರು, ಹಸಿರಿನ ನಡುವೆ ಬಿಳಿ ದಾರ ಬಿಟ್ಟಂತೆ ಜಲಪಾತಗಳು. ನಾವು ಎಣಿಸಲು ಹೊರಟು ಮೂವತ್ತರ ಮೇಲೆ ಲೆಕ್ಕ ತಪ್ಪಿ ಬಿಟ್ಟುಬಿಟ್ಟೆವು. ರಸ್ತೆಯ ಮೇಲೆ ಬಂಡೆ ಉರುಳದಂತೆ ಅಲ್ಲಲ್ಲಿ ಕಬ್ಬಿಣದ ಬಲೆ ಹೊದಿಸಿದ್ದಾರೆ. ಆಗುಂಬೆ, ಚಾರ್ಮಾಡಿ ಘಾಟಿಗಳನ್ನು ಮಳೆಗಾಲದಲ್ಲಿ ಹತ್ತಿ ಇಳಿದ ನಮಗೂ ಒಂದೆರಡು ತಿರುವುಗಳಲ್ಲಿ ಮಾತು ನಿಂತಿತು.

ಕಣಿವೆಯೊಳಗೆ ಬದುಕುವವರು ಬಹುಪಾಲು ಸಣ್ಣ ರೈತರು. ಅವರ ಮುಖ್ಯ ಬೆಳೆ ಯಾವುದೆಂದು ತಿಳಿದರೆ ಸದಸ್ಯರಿಗೆ ಆಶ್ಚರ್ಯವಾದೀತು. ನಮ್ಮ ಮನೆಯ ಹಿತ್ತಿಲಲ್ಲಿ ಚಪ್ಪರಕ್ಕೆ ಹಬ್ಬಿಸುವ ಸೀಮೆಬದನೆಯೇ ಅಲ್ಲಿ ರಾಜ! ಅವರು ಅದನ್ನು ಶೂಶೂ ಎನ್ನುತ್ತಾರೆ. ಇಳಿಜಾರಿನ ಉದ್ದಕ್ಕೂ ಚಪ್ಪರ ಹಾಕಿ ಬೆಳೆಸಿದ್ದಾರೆ. ಕೆಲವೆಡೆ ಅದು ಬೇಲಿ ಹಾರಿ ಹಳ್ಳದ ಬದಿಯ ಮರಗಳನ್ನೂ ಮುಚ್ಚಿದೆ. ಕಾಯಿಯನ್ನು ಪಲ್ಯಕ್ಕೆ, ಎಳೆಯ ಕುಡಿಯನ್ನು ಸೊಪ್ಪಿನ ಸಾರಿಗೆ ಬಳಸುತ್ತಾರೆ. ಬಳ್ಳಿಯ ಕಾಂಡದಿಂದ ಹುಲ್ಲಿನಂಥ ಎಳೆ ತೆಗೆದು ಟೋಪಿ, ಬುಟ್ಟಿ ಹೆಣೆಯುವ ಕಸುಬೂ ಅಲ್ಲಿ ಬೆಳೆದಿತ್ತು. ಒಂದು ಬೆಳೆಯನ್ನು ಬುಡದಿಂದ ತುದಿಯವರೆಗೆ ಉಪಯೋಗಿಸುವ ಬುದ್ಧಿಯನ್ನು ಅಡಿಕೆ ಹಾಳೆ ಬಲ್ಲ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ದ್ವೀಪದ ಇತಿಹಾಸವನ್ನು ಕೇಳಿದರೆ ಅದು ಕಾಫಿಯ ಕಥೆಯಿಂದಲೇ ಆರಂಭವಾಗುತ್ತದೆ. ಬಾಬಾ ಬುಡನ್ ಅವರು ಏಳು ಬೀಜ ತಂದರೆಂದು ನಾವು ಹೇಳುವ ಅದೇ ಯೆಮನ್ ದೇಶದಿಂದ 1715ರಲ್ಲಿ ಫ್ರೆಂಚರು ಇಲ್ಲಿಗೆ ಗಿಡ ತಂದರು. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ವಲಸೆಗಾರರಿಗೆ ಕಾಫಿ ನೆಡುವುದನ್ನು ಕಡ್ಡಾಯ ಮಾಡಿತು. ಆಫ್ರಿಕಾದಿಂದಲೂ ಮಡಗಾಸ್ಕರಿನಿಂದಲೂ ಗುಲಾಮರನ್ನು ತಂದು ಕಾಡು ಕಡಿಸಿತು. ನೂರು ವರ್ಷ ತುಂಬುವ ಮೊದಲೇ, 1806–07ರ ಚಂಡಮಾರುತಗಳು ತೋಟಗಳನ್ನು ಮಲಗಿಸಿದವು. ಅನಂತರ ಕಬ್ಬು ಬಂತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಎಲೆ ತುಕ್ಕು ರೋಗ ಬಂದು ಉಳಿದ ಕಾಫಿಗೂ ಪೆಟ್ಟು ಕೊಟ್ಟಿತು. ಜಗತ್ತಿಗೆಲ್ಲ ಬೀಜ ಕೊಟ್ಟ ದ್ವೀಪದಲ್ಲಿ ಇಂದು ಕಾಫಿ ಬೆಳೆಯುವವರು ಬೆರಳೆಣಿಕೆಯ ಮಂದಿ.

ವೆನಿಲ್ಲಾ ಹೂವಿಗೆ ಕಡ್ಡಿಯಿಂದ ಪರಾಗ ತಾಗಿಸುವ ವಿದ್ಯೆ ಹುಟ್ಟಿದ್ದೂ ಇದೇ ದ್ವೀಪದಲ್ಲಿ. 1841ರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಅದನ್ನು ಕಂಡುಹಿಡಿದ. 2000ದ ಆಸುಪಾಸಿನಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಬೆಳಗಿನ ಚಳಿಯಲ್ಲಿ ಕಡ್ಡಿ ಹಿಡಿದು ಅದೇ ವಿದ್ಯೆ ಕಲಿತೆವು. ಬೆಲೆ ಮುಗಿಲು ಮುಟ್ಟಿ ಮಣ್ಣು ಮುಕ್ಕಿದ ಮೇಲೆ ಬಳ್ಳಿಯನ್ನು ಕಿತ್ತೆಸೆದೆವು. ಆ ಹುಡುಗನ ಹೆಸರನ್ನು ಮಾತ್ರ ಯಾರೂ ನಮಗೆ ಹೇಳಿರಲಿಲ್ಲ.

ಇಷ್ಟು ಹಿನ್ನೆಲೆ. ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ.

ಕಣಿವೆಯ ಒಳಗಿನ ಎಲ್ ಬೂರ್ ಎಂಬ ಊರಿನಿಂದ ಎರಡನೆಯ ದಿನ ಬೆಳಿಗ್ಗೆ ನಾವು ಬೆಲೂವ್ ಕಾಡಿಗೆ ಹತ್ತಿದೆವು. ಊರು ಇರುವುದು ಸುಮಾರು 930 ಮೀಟರ್ ಎತ್ತರದಲ್ಲಿ, ಕಾಡಿನ ಅಂಚು 1,500 ಮೀಟರಿನಲ್ಲಿ. ಯುವಕರಿಗೆ ಒಂದೂವರೆ ಗಂಟೆಯ ದಾರಿ. ಅರವತ್ತು ದಾಟಿದ ನಮಗೆ ಮೂರು ಗಂಟೆ ಹಿಡಿಯಿತು. ಮೇಲೆ ತಲುಪಿದ ಮೇಲೆ ಕಂಡ ಕಾಡು ನಮ್ಮ ಶೋಲಾ ಕಾಡುಗಳ ಹತ್ತಿರದ ಸಂಬಂಧಿಯಂತೆ ತೋರಿತು. ಪ್ರತಿ ಕೊಂಬೆಗೂ ಹಾವಸೆ, ಹಾವಸೆಯ ಮೇಲೆ ಸೀತಾಳೆದಂಡೆಯಂಥ ಬಂದಳಿಕೆಗಳು, ಹಳ್ಳದ ಬದಿಯಲ್ಲಿ ಆಳೆತ್ತರ ಮೀರಿದ ಮರಜರಿಗಳು. ಅಲ್ಲಿಯ ಮುಖ್ಯ ಮರ ಟಾಮರಿನ್. ಹೆಸರು ಹುಣಿಸೆಯಂತೆ ಕೇಳಿದರೂ ಅದು ಆ ದ್ವೀಪಕ್ಕೇ ಸೇರಿದ ಒಂದು ಅಕೇಶಿಯಾ. ಚಂಡಮಾರುತಕ್ಕೆ ಮಲಗಿ, ಮಲಗಿದಲ್ಲಿಂದಲೇ ಮತ್ತೆ ಚಿಗುರಿ, ಡೊಂಕು ಡೊಂಕಾಗಿ ಏಳುತ್ತದೆ. ಅಕೇಶಿಯಾ ನೆಡುತೋಪುಗಳಿಂದ ಬೇಸತ್ತ ನಮಗೆ, ಅದೂ ತನ್ನ ತವರಿನಲ್ಲಿ ಎಷ್ಟು ಗೌರವದ ಮರ ಎಂಬುದು ಅಂದು ತಿಳಿಯಿತು.

ಕಾಡಿನ ಒಳಗೆ ಹಲಗೆ ಹಾಸಿದ ದಾರಿಯಲ್ಲಿ ಒಂದು ಗಂಟೆಗೂ ಹೆಚ್ಚು ನಡೆದರೆ, ನೆಲ ಒಮ್ಮೆಲೇ ಮುಗಿಯುತ್ತದೆ. ಕೆಳಗೆ ಸುಮಾರು 300 ಮೀಟರ್ ಆಳದ ಕಮರಿ. ಅದನ್ನು ಅವರು ಕಬ್ಬಿಣದ ಬಿಲ ಎಂದು ಕರೆಯುತ್ತಾರೆ. ಅದರೊಳಗೆ ಹಲವು ಕಡೆಯಿಂದ ನೀರು ಬೀಳುತ್ತಿತ್ತು. ಮಂಜು ಸರಿದಾಗ ಎರಡು ನಿಮಿಷ ಕಂಡಿತು, ಮತ್ತೆ ಮುಚ್ಚಿಕೊಂಡಿತು. ಆ ಎರಡು ನಿಮಿಷದಲ್ಲಿ ನಾವು ನೋಡಿದ್ದು ಜಲಪಾತಕ್ಕಿಂತ ಹೆಚ್ಚಾಗಿ ಅದರ ಅಂಚಿನವರೆಗೂ, ಒಂದು ಗೇಣು ನೆಲ ಬಿಡದೆ, ಬಿಗಿಯಾಗಿ ನಿಂತಿದ್ದ ಕಾಡನ್ನು.

ಆ ಕಾಡು ಎಂಥ ಮಳೆಯನ್ನು ತಲೆಯ ಮೇಲೆ ತಾಳುತ್ತದೆ ಎಂಬುದನ್ನು ಬೆಳೆಗಾರರ ಲೆಕ್ಕದಲ್ಲಿ, ಇಂಚಿನಲ್ಲಿ, ಹೇಳಿದರೆ ತಿಳಿಯುತ್ತದೆ. ಇದೇ ದ್ವೀಪದ ಇನ್ನೊಂದು ಎತ್ತರದ ಜಾಗದಲ್ಲಿ 1966ರ ಜನವರಿ 7–8ರಂದು, ಇಪ್ಪತ್ತನಾಲ್ಕು ಗಂಟೆಗಳಲ್ಲಿ 1,825 ಮಿಲಿಮೀಟರ್, ಅಂದರೆ ಸುಮಾರು 72 ಇಂಚು ಮಳೆ ಬಿದ್ದಿತು. 1980ರ ಜನವರಿಯ ಚಂಡಮಾರುತದಲ್ಲಿ ಹದಿನೈದು ದಿನಗಳಲ್ಲಿ 6,083 ಮಿಲಿಮೀಟರ್, ಸುಮಾರು 240 ಇಂಚು. ಇವೆರಡೂ ವಿಶ್ವದಾಖಲೆಗಳು. ನಮ್ಮ ಆಗುಂಬೆಗೆ ಇಡೀ ವರ್ಷದಲ್ಲಿ ಬೀಳುವುದು ಸರಾಸರಿ 300 ಇಂಚಿನ ಆಸುಪಾಸು. ಅಂದರೆ ಆಗುಂಬೆಯ ವರ್ಷದ ಮಳೆಯ ಮುಕ್ಕಾಲು ಪಾಲು ಅಲ್ಲಿ ಎರಡು ವಾರದಲ್ಲಿ ಸುರಿದಿದೆ! 2025ರ ಫೆಬ್ರವರಿ 28ರಂದು ಬಂದ ಗರಾನ್ಸ್ ಚಂಡಮಾರುತದಲ್ಲೂ ದ್ವೀಪದಲ್ಲಿ ಜೀವಹಾನಿಯಾಯಿತು.

ಕಾಡಿದ್ದ ಮಾತ್ರಕ್ಕೆ ಗುಡ್ಡ ಜರಿಯುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. 1875ರ ನವೆಂಬರ್ 26ರಂದು ಇದೇ ಸಲಾಜಿಯಲ್ಲಿ ಮೇಲಿನ ಬೆಟ್ಟದ ಮೈ ಕಳಚಿ ಗ್ರಾಂ ಸಾಬ್ಲ್ ಎಂಬ ಹಳ್ಳಿಯ ಮೇಲೆ ಬಿದ್ದು, ಅರವತ್ತಕ್ಕೂ ಹೆಚ್ಚು ಮಂದಿ ಮಣ್ಣಿನಡಿ ಹೋದರು. ಕಣಿವೆಯ ತಳವೇ ಹಿಂದೆ ಜರಿದ ಕಲ್ಲುಮಣ್ಣಿನ ರಾಶಿ. ಕೆಲವು ಕಡೆ ಊರಿಗೆ ಊರೇ ನಿಧಾನವಾಗಿ ಸರಿಯುತ್ತಿದ್ದು, ವಿಜ್ಞಾನಿಗಳು ಅದನ್ನು ವರ್ಷವರ್ಷವೂ ಅಳೆಯುತ್ತಾರೆ. ಬೆಟ್ಟ ಯಾವಾಗ ಬರುತ್ತದೆಂಬುದು ಬೆಟ್ಟಕ್ಕೇ ಗೊತ್ತು. ಆದರೆ ಬರುವ ಬೆಟ್ಟವನ್ನು ನಾವಾಗಿ ಕೈಹಿಡಿದು ಕರೆಯಬೇಕೇ ಎಂಬುದು ಬೇರೆ ಪ್ರಶ್ನೆ.

ಇಳಿದು ಬಂದ ಸಂಜೆ ನಾವು ತಂಗಿದ್ದ ಮನೆಯ ಅಜ್ಜಿಯನ್ನು ದುಭಾಷಿಯ ಮೂಲಕ ಕೇಳಿದೆವು: ನಿಮ್ಮ ಹಿರಿಯರು ಕೆಳಗೆಲ್ಲ ಕಡಿದು ಬೇಸಾಯ ಮಾಡಿದರು, ಮೇಲಿನ ಕಾಡನ್ನು ಯಾಕೆ ಬಿಟ್ಟರು? ದೇವರ ಕಾಡೇ? ಸರಕಾರದ ಭಯವೇ? ಅಜ್ಜಿ ನಕ್ಕರು. ಅದೇನೂ ಇಲ್ಲ, ಅಲ್ಲಿಗೆ ಹತ್ತಲು ಆಗುತ್ತಿರಲಿಲ್ಲ, ಹತ್ತಿದರೂ ಬೆಳೆದದ್ದನ್ನು ಇಳಿಸಲು ಆಗುತ್ತಿರಲಿಲ್ಲ ಎಂಬುದೇ ಅವರ ಉತ್ತರ.

ಬಂಧುಗಳೇ, ಈ ಉತ್ತರವನ್ನು ನಾವು ಊರಿಗೆ ಬರುವವರೆಗೂ ಮೆಲುಕು ಹಾಕಿದೆವು. ರಿಯೂನಿಯನ್ನಿನ ಜನ ನಮಗಿಂತ ಬುದ್ಧಿವಂತರಾಗಿದ್ದರಿಂದ ಕಾಡು ಉಳಿಯಲಿಲ್ಲ. ನೇಗಿಲು ಏರುವ ಕಡೆಯೆಲ್ಲ ಅವರೂ ಬಿಡದೆ ಕಡಿದಿದ್ದಾರೆ. ಕರಾವಳಿಯ ಕಾಡನ್ನು ಕಾಫಿಯೂ ಕಬ್ಬೂ ತಿಂದವು. ಪಶ್ಚಿಮದ ಇಳಿಜಾರುಗಳಲ್ಲಿ ಸುಗಂಧ ತೈಲಕ್ಕಾಗಿ ಜೆರೇನಿಯಂ ಬೆಳೆದು, ಅದನ್ನು ಬಟ್ಟಿ ಇಳಿಸಲು ಸೌದೆಗೆಂದು ಉಳಿದ ಮರಗಳನ್ನೂ ಉರಿಸಿದರು. ಅರಣ್ಯ ಇಲಾಖೆಯವರೇ ಹಲವೆಡೆ ಸ್ಥಳೀಯ ಕಾಡು ತೆಗೆದು ಜಪಾನಿನ ಸೀಡರ್ ಮರವನ್ನು ಸಾಲುಹಿಡಿದು ನೆಟ್ಟರು. ಇಷ್ಟಾಗಿಯೂ ದ್ವೀಪದ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಮೂಲ ಕಾಡು ಉಳಿದಿದ್ದರೆ, ಅದನ್ನು ಕಾದದ್ದು ಬೆಟ್ಟದ ಏರು. ಮನುಷ್ಯ ಕಾವಲಿಗೆ ಬಂದದ್ದು ತೀರಾ ಈಚೆಗೆ: 2007ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2010ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ನಮ್ಮ ಮಲೆನಾಡಿನ ಕಥೆಯೂ ಇಷ್ಟೇ ಅಲ್ಲವೇ? ನಮ್ಮ ಹಿರಿಯರು ಅಡಿಕೆ ತೋಟವನ್ನು ಕಣಿವೆಯ ತಳದಲ್ಲಿ ಮಾಡಿದರು, ಮೇಲೆ ಸೊಪ್ಪಿನಬೆಟ್ಟವನ್ನು ಬಿಟ್ಟರು. ಬೆಟ್ಟ ಸೊಪ್ಪು ಕೊಟ್ಟಿತು, ನೀರಿನ ಒರತೆ ಕೊಟ್ಟಿತು. ಕಾಫಿಯವರು ಕಾಡುಮರಗಳ ನೆರಳಿನಲ್ಲೇ ಗಿಡ ನೆಟ್ಟರು, ತೀರಾ ಕಡಿದಾದ ಜಾಗವನ್ನು ಹಾಗೇ ಬಿಟ್ಟರು. ಅದರಲ್ಲಿ ಹಿರಿಯರ ವಿವೇಕ ಇತ್ತು, ನಿಜ. ಆದರೆ ಗುದ್ದಲಿ ಹಿಡಿದ ಆಳಿನ ಕೈಯಲ್ಲಿ ಅದಕ್ಕಿಂತ ಮೇಲೆ ಹೋಗಲು ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಏರು ನಮ್ಮನ್ನು ತಡೆದಿತ್ತು. ಆ ತಡೆಯನ್ನು ನಾವು ನಮ್ಮ ಗುಣ ಎಂದುಕೊಂಡಿದ್ದೆವು.

ಇಂದು ಆ ತಡೆ ಇಲ್ಲ. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟರೆ ಜೆಸಿಬಿ ಯಂತ್ರ ಯಾವ ನೆತ್ತಿಗೂ ಹತ್ತುತ್ತದೆ. ಹತ್ತು ಆಳು ಒಂದು ಬೇಸಿಗೆ ಕಡಿಯುತ್ತಿದ್ದ ಧರೆಯನ್ನು ಒಂದು ಮಧ್ಯಾಹ್ನ ಕಡಿದು ಮುಗಿಸುತ್ತದೆ. ಅಡಿಕೆಗೆ ಬೆಲೆ ಬಂತೆಂದು ಗುಡ್ಡಕ್ಕೆ ಮೆಟ್ಟಿಲು ಹೊಡೆದು ಸಸಿ ಇಡುತ್ತಿದ್ದೇವೆ. ನೀರಿಗೆಂದು ನೆತ್ತಿಯಲ್ಲಿ ಕೆರೆ ತೋಡಿಸುತ್ತಿದ್ದೇವೆ. ನೋಟ ಚೆನ್ನಾಗಿದೆಯೆಂದು ಅಂಚಿನಲ್ಲಿ ಹೋಂಸ್ಟೇ ಕಟ್ಟುತ್ತಿದ್ದೇವೆ. ಬೆಟ್ಟದ ಕಾವಲುಗಾರ ಕೆಲಸ ಬಿಟ್ಟು ಹೋಗಿದ್ದಾನೆ. ಆ ಜಾಗಕ್ಕೆ ನಾವು ಇನ್ನೂ ಯಾರನ್ನೂ ನೇಮಿಸಿಲ್ಲ.

ಇದರ ಫಲವನ್ನು ಸದಸ್ಯರಿಗೆ ನೆನಪಿಸಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಗಳ ಕಡೆ ತೋಟಕ್ಕೆ ತೋಟವೇ ಇಳಿದು ಹೋಯಿತು. ಮಳೆ ಅತಿಯಾಗಿತ್ತು, ಆದರೆ ರಸ್ತೆಗೂ ಮನೆಗೂ ಇಳಿಜಾರನ್ನು ಅಡ್ಡ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. 2020ರಲ್ಲಿ ತಲಕಾವೇರಿಯ ಬೆಟ್ಟ ಜರಿಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳ 30ರಂದು ನೆರೆಯ ವಯನಾಡು. ವಯನಾಡಿನಲ್ಲಿ ಕುಸಿತ ಶುರುವಾದದ್ದು ಮೇಲಿನ ಕಾಡಿನಲ್ಲೇ ಎಂದು ಕೆಲವರು ವಾದಿಸುತ್ತಾರೆ. ಒಪ್ಪುತ್ತೇವೆ. ಕಾಡಿದ್ದ ಬೆಟ್ಟವೇ ಒಮ್ಮೊಮ್ಮೆ ತಾಳಲಾರದೆ ಹೋಗುವ ಮಳೆಯ ಕಾಲದಲ್ಲಿ, ಬುಡ ಕಡಿದ ಬೆಟ್ಟದ ಗತಿಯೇನು ಎಂಬುದನ್ನು ಅವರೇ ಯೋಚಿಸಲಿ.

ಈ ಮಾತು ಎತ್ತಿದ ಕೂಡಲೇ ಕೆಲವರಿಗೆ ಗಾಡ್ಗೀಳ್ ಮತ್ತು ಕಸ್ತೂರಿರಂಗನ್ ವರದಿಗಳ ನೆನಪಾಗುತ್ತದೆ ಎಂಬುದನ್ನು ನಾವು ಬಲ್ಲೆವು. ನಾವೂ ಆ ವರದಿಗಳ ವಿರುದ್ಧದ ಮನವಿಗಳಿಗೆ ಸಹಿ ಹಾಕಿದವರೇ. ದೂರದಲ್ಲಿ ಕುಳಿತವರು ನಕ್ಷೆಯ ಮೇಲೆ ಗೆರೆ ಎಳೆದು, ಮೂರು ಎಕರೆಯ ರೈತನನ್ನೂ ಗಣಿ ಧಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ನಮ್ಮ ಮಾತಿನಲ್ಲಿ ಇಂದಿಗೂ ಹುರುಳಿದೆ. ಆದರೆ ಒಂದನ್ನು ಎದೆಮುಟ್ಟಿ ಕೇಳಿಕೊಳ್ಳಬೇಕು. ಸರಕಾರದ ಗೆರೆ ಬೇಡವೆಂದ ನಾವು ನಮ್ಮದೇ ಆದ ಗೆರೆಯನ್ನು ಎಳೆದೆವೇ? ನಮ್ಮ ಜಾಗ ನಾವೇ ಕಾಯುತ್ತೇವೆ ಎಂದು ಅಂದು ವೇದಿಕೆಯ ಮೇಲೆ ಹೇಳಿದವರು ಊರಿಗೆ ಬಂದು ಕಾದದ್ದೇನು? ಪ್ರವಾಸಕ್ಕೆ ಹೋದ ನಾಲ್ವರಲ್ಲಿ ಒಬ್ಬರು 2019ರಲ್ಲಿ ತಮ್ಮ ತೋಟದ ನೆತ್ತಿಯಲ್ಲಿ ಕೆರೆ ತೋಡಿಸಿದವರು. ಎರಡನೆಯ ಮಳೆಗಾಲದಲ್ಲಿ ಕೆಳಗಿನ ಧರೆ ಬಿರುಕು ಬಿಟ್ಟಿತು. ರಾತ್ರೋರಾತ್ರಿ ಕೆರೆಯ ನೀರು ಬಿಡಿಸಿದರು. ಕೆಳಗೆ ಇದ್ದದ್ದು ಅವರ ಮನೆಯಲ್ಲ, ಪಕ್ಕದವರ ಲೈನ್ ಮನೆ. ಅಲ್ಲಿ ಆರು ಕೂಲಿ ಕುಟುಂಬಗಳು ಮಲಗಿದ್ದವು. ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಬೆಟ್ಟದ ವಿಷಯದಲ್ಲಿ ನನ್ನ ಜಾಗ, ನನ್ನ ಇಷ್ಟ ಎಂಬ ಮಾತು ನಡೆಯದಿರುವುದು ಇದಕ್ಕೇ. ಮೇಲಿನವನು ಕಡಿದರೆ ಕೆಳಗಿನವನು ಅನುಭವಿಸುತ್ತಾನೆ. ಹೀಗೆ ಒಬ್ಬರ ಬದುಕು ಇನ್ನೊಬ್ಬರ ಕೈಯಲ್ಲಿ ಇರುವಲ್ಲಿಯೇ ಸಹಕಾರ ತತ್ತ್ವದ ಅಗತ್ಯ ಹುಟ್ಟುವುದು.

ಆದುದರಿಂದ ಬರುವ ವಾರ್ಷಿಕ ಮಹಾಸಭೆಯ ಮುಂದೆ ಈ ನಾಲ್ಕು ಸಲಹೆಗಳನ್ನು ಇಡಬಯಸುತ್ತೇವೆ. ಒಂದು, ಇಳಿಜಾರು ಕಡಿದಾಗಿರುವ ನೆತ್ತಿಯ ಭಾಗದಲ್ಲಿ ಯಂತ್ರ ಇಳಿಸುವುದಿಲ್ಲವೆಂದು ಸದಸ್ಯರು ತಾವಾಗಿ ಒಪ್ಪಿಕೊಳ್ಳತಕ್ಕದ್ದು. ಎರಡು, ಮಣ್ಣು ದಪ್ಪವಾಗಿರುವ ಕಡಿದಾದ ಜಾಗದಲ್ಲಿ ಕೆರೆಯನ್ನಾಗಲಿ ಇಂಗುಗುಂಡಿಯನ್ನಾಗಲಿ ತೋಡದೆ, ನೀರು ಹರಿದು ಹೋಗಲು ಹಳೆಯ ಹಳ್ಳ, ಬಸಿಗಾಲುವೆಗಳನ್ನು ಮೇ ತಿಂಗಳೊಳಗೆ ಬಿಡಿಸಿಕೊಡತಕ್ಕದ್ದು. ಮೂರು, ಕಾಡುಜಾತಿಯ ನೆರಳುಮರಗಳನ್ನು ಪೂರ್ತಿ ತೆಗೆದು ಸಿಲ್ವರ್ ಓಕ್ ಒಂದನ್ನೇ ನೆಡುವ ಚಾಳಿಗೆ ಇಳಿಜಾರಿನಲ್ಲಾದರೂ ತಡೆ ಹಾಕತಕ್ಕದ್ದು. ನಾಲ್ಕನೆಯದು ನಮ್ಮ ಸಂಘಕ್ಕೇ ಸಂಬಂಧಿಸಿದ್ದು. ತೋಟದ ರಸ್ತೆ, ಕೆರೆ ಮತ್ತು ಹೊಸ ತೋಟದ ಕೆಲಸಕ್ಕೆ ಸಂಘ ಸಾಲ ಕೊಡುವ ಮೊದಲು ಇಬ್ಬರು ಹಿರಿಯ ಸದಸ್ಯರು ಜಾಗವನ್ನೂ ಅದರ ಕೆಳಗಿನವರ ಮನೆಯನ್ನೂ ನೋಡಿ ಬರತಕ್ಕದ್ದು. ಸಾಲದ ಬಡ್ಡಿ ಬರುತ್ತದೆಂದು ಕಣ್ಣುಮುಚ್ಚಿ ಸಹಿ ಹಾಕಿದರೆ, ಧರೆ ಕಡಿದ ಯಂತ್ರದ ಬಾಡಿಗೆಯಲ್ಲಿ ನಮಗೆಲ್ಲರಿಗೂ ಪಾಲು ಇದ್ದಂತೆಯೇ.

ಸಣ್ಣ ಹಿಡುವಳಿದಾರನಿಗೆ ಅರ್ಧ ಎಕರೆ ಬಿಡುವುದೂ ನಷ್ಟವೇ ಎಂಬುದು ನಮಗೆ ತಿಳಿಯದ ಸಂಗತಿಯಲ್ಲ. ಮಗಳ ಮದುವೆ, ಮಗನ ಕಾಲೇಜು, ಎಲೆಚುಕ್ಕಿ ರೋಗ, ಗೊಬ್ಬರದ ಬೆಲೆ, ಎಲ್ಲವೂ ಆ ಅರ್ಧ ಎಕರೆಯ ಮೇಲೆಯೇ ಕಣ್ಣಿಡುತ್ತವೆ. ಅಂಥವರ ನಷ್ಟಕ್ಕೆ ಸಂಘದ ಲಾಭಾಂಶದಿಂದ ಬಡ್ಡಿ ರಿಯಾಯಿತಿಯನ್ನಾದರೂ ಕೊಡಲು ಸಾಧ್ಯವೇ ಎಂದು ಆಡಳಿತ ಮಂಡಳಿ ಆಲೋಚಿಸಲಿ. ಬರೀ ಉಪದೇಶದಿಂದ ಯಾವ ಬೆಟ್ಟವೂ ಉಳಿಯುವುದಿಲ್ಲ.

ಸಲಾಜಿಯ ಅಜ್ಜಿ ನಮ್ಮನ್ನು ಬೀಳ್ಕೊಡುವಾಗ ಒಂದು ಚೀಲ ಸೀಮೆಬದನೆ ಕೊಡಲು ಬಂದರು. ವಿಮಾನದಲ್ಲಿ ತರುವಂತಿರಲಿಲ್ಲವಾಗಿ ಕೈಮುಗಿದು ಹೊರಟೆವು. ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಚಪ್ಪರ, ಚಪ್ಪರದ ಮೇಲೆ ಮನೆ, ಮನೆಯ ಮೇಲೆ ಕಾಡು, ಕಾಡಿನ ಮೇಲೆ ಮಂಜು. ಅಲ್ಲಿ ಕಾಡನ್ನು ಕಾದ ಏರು ನಮ್ಮಲ್ಲಿ ಇನ್ನು ಕಾಯಲಾರದು. ಜೂನ್ ಬರುವುದಕ್ಕೆ ಮುಂಚೆ, ಮಹಾಸಭೆಯಲ್ಲಿ, ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಡಬೇಕೆಂದು ಸದಸ್ಯರೆಲ್ಲರಲ್ಲಿ ನಮ್ಮ ಕಳಕಳಿಯ ವಿನಂತಿ.